ಲೂಪ್ ಬಿಡಿ, ಕತ್ತರಿಸಿ ನುಡಿಸಿ: ಮನೆಯಲ್ಲೇ ಸ್ಯಾಂಪಲ್ ಬೀಟ್

ಹಳೆ ಹಾಡಿನ ತುಣುಕು ತೆಗೆದು, ಅಂದರೆ ಸ್ಯಾಂಪಲ್ ಮಾಡಿ, ಹೊಸ ಬೀಟ್ ಕಟ್ಟುವ ಬಗೆ ಇದು. ಕಂಪ್ಯೂಟರ್, ಹೆಡ್‌ಫೋನ್, ಸ್ಯಾಂಪಲರ್ (ತುಣುಕುಗಳನ್ನು ನುಡಿಸುವ ಸಾಧನ) ಇರುವ ಯಾವುದಾದರೂ ಮ್ಯೂಸಿಕ್ ಸಾಫ್ಟ್‌ವೇರ್. ಶುರು ಮಾಡಲು ಇಷ್ಟು ಸಾಕು. ಒತ್ತಿದರೆ ಸದ್ದು ಬರುವ 16 ಪ್ಯಾಡ್‌ಗಳ ಕಂಟ್ರೋಲರ್ ಇದ್ದರೆ ಬೆರಳಿಗೆ ಖುಷಿ, ಇಲ್ಲದಿದ್ದರೆ ಕೀಬೋರ್ಡಿನಲ್ಲೇ ಬಾರಿಸಿ.

ಮೊದಲು ಹಾಡನ್ನು ಪೂರ್ತಿ ಕೇಳಿ. ಸುಮ್ನೆ ಅಲ್ಲಲ್ಲಿ ಎಳೆದು ನೋಡಬೇಡಿ. ನಾನು ಹುಡುಕುವುದು ದನಿ ಶುರುವಾಗುವ ಮುಂಚಿನ ಭಾಗ, ಇಲ್ಲವೇ ಎರಡು ಚರಣಗಳ ನಡುವಿನ ಬಿಜಿಎಂ. ವಾದ್ಯ ಒಂಟಿಯಾಗಿ ಸಿಗುವುದು ಅಲ್ಲೇ. ಡ್ರಮ್ ಇಲ್ಲದ ನಾಲ್ಕು ಬಾರ್ (ನಾಲ್ಕು ಬೀಟಿನ ಒಂದು ಸುತ್ತು ಒಂದು ಬಾರ್) ಸಿಕ್ಕರೆ ಬಿಡಬೇಡಿ.

ಅದನ್ನೇ ಲೂಪ್ ಮಾಡಿ, ಅಂದರೆ ಮತ್ತೆ ಮತ್ತೆ ಓಡಿಸಿ, ಮುಗಿಸುವವರು ಜಾಸ್ತಿ. ನನಗೆ ಅದು ಸಾಲದು. ಕತ್ತರಿಸಿ, ಬೇರೆ ಕ್ರಮದಲ್ಲಿ ಕೈಯಾರೆ ನುಡಿಸಿದಾಗಲೇ ಅದು ನಿಮ್ಮದಾಗುತ್ತದೆ.

ಕತ್ತರಿಸುವಾಗ ವೇವ್‌ಫಾರ್ಮ್ (ಸದ್ದಿನ ಏರಿಳಿತ ತೋರಿಸುವ ಗೆರೆ) ದೊಡ್ಡದು ಮಾಡಿಕೊಳ್ಳಿ. ಪಿಯಾನೋದಂಥ ವಾದ್ಯದ ಸ್ವರ ಬಿದ್ದ ಕಡೆ ಗೆರೆ ಸರ್ರನೆ ಮೇಲೇಳುತ್ತದೆ. ಅದಕ್ಕಿಂತ ಕೂದಲೆಳೆಯಷ್ಟು ಮುಂಚೆ, ಗೆರೆ ನಡುವಿನ ಸೊನ್ನೆ ರೇಖೆ ದಾಟುವಲ್ಲಿ ಕತ್ತರಿಸಿ. ಆಚೆ ಹೋದರೆ ಸ್ವರದ ಪೆಟ್ಟೇ ಮಾಯ. ಜಾಸ್ತಿ ಈಚೆ ಬಂದರೆ ಪ್ಯಾಡ್ ಒತ್ತಿದ ಮೇಲೆ ಸದ್ದು ತಡವಾಗಿ ಬರುತ್ತದೆ. ಸೊನ್ನೆ ತಪ್ಪಿದರೆ ‘ಟಿಕ್’ ಅನ್ನುತ್ತದೆ. ಆಮೇಲೆ ಎಲ್ಲ ತುಂಡುಗಳನ್ನೂ ಒಂದೇ ಮ್ಯೂಟ್ ಗ್ರೂಪಿಗೆ ಹಾಕಿ. ಹೊಸ ತುಂಡು ಒತ್ತಿದ ಕೂಡಲೇ ಹಳೆಯದು ಗಕ್ಕನೆ ನಿಲ್ಲುತ್ತದೆ. ಈ ಶೈಲಿಯ ಜೀವ ಇರುವುದೇ ಆ ನಿಲುಗಡೆಯಲ್ಲಿ.

ಹಳೆ ಬೀಟ್‌ಗಳ ಒರಟು ಸದ್ದು ಬೇಕು ಅಲ್ವಾ? 1987ರಲ್ಲಿ ಬಂದ ಎಸ್‌ಪಿ-1200 ಸ್ಯಾಂಪಲಿಂಗ್ ಯಂತ್ರ 12 ಬಿಟ್‌ನದು. ಬಿಟ್ ಕಡಿಮೆಯಾದಷ್ಟೂ ಸದ್ದು ಒರಟು. ಆ ಯಂತ್ರದಲ್ಲಿ ಒಟ್ಟು ಹತ್ತು ಸೆಕೆಂಡಿನಷ್ಟೇ ಸ್ಯಾಂಪಲ್ ಹಿಡಿಯುತ್ತಿತ್ತು. ಜಾಗ ಉಳಿಸಲು ನಿಮಿಷಕ್ಕೆ 33 ಸುತ್ತಿನ ಗ್ರಾಮಫೋನ್ ರೆಕಾರ್ಡನ್ನು 45 ಸುತ್ತಿನ ವೇಗದಲ್ಲಿ ಓಡಿಸಿ ತುಂಬಿಕೊಂಡು, ಆಮೇಲೆ ಯಂತ್ರದಲ್ಲೇ ವೇಗ ಇಳಿಸುತ್ತಿದ್ದರು. ನೀವೂ ಹಾಗೇ ಮಾಡಬಹುದು. ಟೈಮ್ ಸ್ಟ್ರೆಚ್ (ಶ್ರುತಿ ಬದಲಾದರೂ ವೇಗ ಬದಲಾಗದಂತೆ ಹಿಡಿಯುವ ಸೌಲಭ್ಯ) ಆಫ್ ಮಾಡಿ, ಸ್ಯಾಂಪಲನ್ನು ಐದು ಸೆಮಿಟೋನ್ (ಅರ್ಧ ಸ್ವರ) ಏರಿಸಿ. ಬಿಟ್‌ಕ್ರಷರಿನಲ್ಲಿ (ಸದ್ದಿನ ಗುಣಮಟ್ಟ ಬೇಕೆಂದೇ ಇಳಿಸುವ ಎಫೆಕ್ಟ್) 12 ಬಿಟ್, 26 ಕಿಲೋಹರ್ಟ್ಸ್ ಇಟ್ಟು ಹೊಸ ಫೈಲ್ ಮಾಡಿಕೊಳ್ಳಿ. ಅದನ್ನು ಮತ್ತೆ ಐದು ಸೆಮಿಟೋನ್ ಇಳಿಸಿ. ಮೇಲಿನ ಹೊಳಪು ಹೋಗಿ ಸದ್ದಿಗೆ ಮರಳಿನಂಥ ತರಿ ಬರುತ್ತದೆ.

ಡ್ರಮ್ಸ್‌ಗೆ 90 ಬಿಪಿಎಂ (ನಿಮಿಷಕ್ಕೆ 90 ಬೀಟ್) ಇಡಿ. ಸ್ನೇರ್ (ಚಟ್ ಅನ್ನುವ ಡ್ರಮ್) ಎರಡು ಮತ್ತು ನಾಲ್ಕನೇ ಬೀಟಿಗೆ. ಕಿಕ್ (ದಪ್ಪ ಸದ್ದಿನ ಡ್ರಮ್) ಒಂದನೇ ಬೀಟಿಗೆ ಬೀಳಲಿ, ಉಳಿದವನ್ನು ಸ್ಯಾಂಪಲ್ ಕೇಳುತ್ತಾ ಕೂರಿಸಿ. ಸ್ವಿಂಗ್ ಅಂದರೆ ನಡುವಿನ ಪೆಟ್ಟನ್ನು ಎಷ್ಟು ತಡ ಮಾಡುವುದು ಅನ್ನುವ ಸೆಟ್ಟಿಂಗ್: 50 ಅಂದರೆ ನೇರ ನಡೆ, 66 ಅಂದರೆ ಹತ್ತಿರ ಹತ್ತಿರ ತಿಶ್ರ. ನನಗೆ 54ರಿಂದ 58ರ ನಡುವೆ ಹಿಡಿಸುತ್ತದೆ. ಹೈ-ಹ್ಯಾಟನ್ನು (ಜೋಡಿ ತಾಳದ ಸದ್ದು) ಮಾತ್ರ ಕ್ವಾಂಟೈಸ್ ಮಾಡದೆ, ಅಂದರೆ ಸಾಫ್ಟ್‌ವೇರಿನಿಂದ ಕರಾರುವಾಕ್ಕಾಗಿ ತಾಳಕ್ಕೆ ಕೂರಿಸದೆ, ಬಿಡಿ, ಬೆರಳು ಬಿದ್ದ ಹಾಗೇ ಇರಲಿ.

ಬೇಸ್‌ಗೆ ಜಾಗ ಬೇಕು. ಸ್ಯಾಂಪಲಿನಲ್ಲಿ 150 ಹರ್ಟ್ಸ್‌ಗಿಂತ ಕೆಳಗಿನದನ್ನು ಫಿಲ್ಟರಿನಿಂದ ತೆಗೆದು, ಅಲ್ಲಿ ನಿಮ್ಮದೇ ಬೇಸ್ ಲೈನ್ ನುಡಿಸಿ. ಒಟ್ಟು ಸದ್ದಿನ ಮಟ್ಟ ತೋರಿಸುವ ಮಾಸ್ಟರ್ ಮೀಟರ್ ಮೈನಸ್ 6 ಡೆಸಿಬೆಲ್ ದಾಟದಿದ್ದರೆ ಮಿಕ್ಸಿಂಗ್ ಸಲೀಸು.

ಬೀಟ್ ಬಿಡುಗಡೆ ಮಾಡುವುದಾದರೆ ಎರಡು ಕಡೆ ಅನುಮತಿ ಬೇಕು: ರೆಕಾರ್ಡಿಂಗಿನ ಹಕ್ಕು ಇರುವವರದು, ರಚನೆಯ ಹಕ್ಕು ಇರುವವರದು. ಆದ್ದರಿಂದ ಸ್ಯಾಂಪಲ್ ತೆಗೆದ ಕೂಡಲೇ ಹಾಡು, ಲೇಬಲ್, ಎಷ್ಟನೇ ನಿಮಿಷ ಅನ್ನುವುದನ್ನು ಫೈಲಿನ ಹೆಸರಲ್ಲೇ ಬರೆದಿಡಿ.