ನೇಮಕಾತಿ ಪತ್ರ ಕೈಗೆ ಬಂದ ಬಗೆ

ಕಲಬುರಗಿಯ ಗಂಜ್‌ನಲ್ಲಿರುವ ತೊಗರಿಬೇಳೆಯ ಸಗಟು ಮಳಿಗೆಯೊಂದಕ್ಕೆ ಲೆಕ್ಕ ಬರೆಯಲು ನಾನು ಸೇರಿದಾಗ ತಿಂಗಳಿಗೆ 14,000 ರೂಪಾಯಿ, ಭಾನುವಾರ ರಜೆ ಎಂಬುದೆಲ್ಲ ಬಾಯಿಮಾತಿನಲ್ಲೇ ಮುಗಿದಿತ್ತು. ಮೊದಲ ತಿಂಗಳು ಖಾತೆಗೆ ಜಮೆಯಾದದ್ದು 12,000 ಮಾತ್ರ. ಉಳಿದದ್ದು ‘ತರಬೇತಿ ಅವಧಿ’ಯ ಕಡಿತವಂತೆ. ಅಂಥ ಷರತ್ತು ಇರಲಿಲ್ಲವೆಂದು ತೋರಿಸಲು ನನ್ನ ಬಳಿ ಒಂದು ಚೀಟಿಯೂ ಇರಲಿಲ್ಲ.

“ಬಾಯಿಲೆ ಕೇಳಬ್ಯಾಡ ತಮ್ಮಾ, ಬರ್ದು ಕೊಡು” ಎಂದವರು ಮಳಿಗೆಯ ಹಳೆಯ ಮುನೀಮರು. 1961ರ ಕರ್ನಾಟಕ ಅಂಗಡಿಗಳು ಮತ್ತು ವಾಣಿಜ್ಯ ಸಂಸ್ಥೆಗಳ ಅಧಿನಿಯಮದ 6-ಎ ಪ್ರಕರಣವು, ನೌಕರನ ಹೆಸರು, ಹುದ್ದೆ, ವೇತನ ಹಾಗೂ ಸೇವಾ ಷರತ್ತುಗಳಿರುವ ಲಿಖಿತ ನೇಮಕಾತಿ ಆದೇಶವನ್ನು ನೇಮಕವಾದ 30 ದಿನಗಳೊಳಗೆ ಕೊಡಬೇಕೆಂದು ಹೇಳುತ್ತದೆ. ಇದನ್ನು ಉಲ್ಲೇಖಿಸಿ, ಆದರೆ ಬೆದರಿಕೆಯ ಧಾಟಿ ಎಲ್ಲಿಯೂ ಸುಳಿಯದಂತೆ, ಒಂದು ಪುಟದ ಮನವಿ ಬರೆದೆ. ಸಂಬಳದ ಮೊತ್ತವನ್ನು ಮಾಲೀಕರೇ ತಿಳಿಸಿದ್ದ ವಾಟ್ಸಾಪ್ ಸಂದೇಶದ ಮುದ್ರಿತ ಪ್ರತಿಯನ್ನೂ ಬ್ಯಾಂಕ್ ಪಾಸ್‌ಬುಕ್ಕಿನ ನಕಲನ್ನೂ ಅದಕ್ಕೆ ಲಗತ್ತಿಸಿದೆ. ಎರಡು ಪ್ರತಿ ಒಯ್ದು, ಒಂದರ ಮೇಲೆ ಮಳಿಗೆಯ ಮೊಹರು, ದಿನಾಂಕ ಮತ್ತು ಸಹಿ ಹಾಕಿಸಿಕೊಂಡದ್ದೇ ನನ್ನ ಪ್ರಕಾರ ಇಡೀ ಪ್ರಕರಣದ ಮುಖ್ಯ ಹೆಜ್ಜೆ. ಕಾರ್ಮಿಕ ನಿರೀಕ್ಷಕರ ಕಚೇರಿಗೆ ಹೋಗುವ ಪ್ರಸಂಗವೇ ಬರಲಿಲ್ಲ.

ನಾಲ್ಕನೆಯ ದಿನ ಪತ್ರ ಬಂತು. ಸಂಬಳ ಸರಿಯಾಗಿತ್ತು, ಸೇರಿದ ದಿನಾಂಕ ಮಾತ್ರ ಒಂದು ತಿಂಗಳು ಮುಂದಕ್ಕೆ ಹೋಗಿತ್ತು! ಭವಿಷ್ಯ ನಿಧಿಗೂ ಉಪದಾನಕ್ಕೂ (ಗ್ರಾಚ್ಯುಟಿ) ಸೇವೆಯನ್ನು ಎಣಿಸುವುದು ಆ ದಿನಾಂಕದಿಂದಲೇ ಆದ್ದರಿಂದ, ಹಾಜರಿ ಪುಸ್ತಕದಲ್ಲಿನ ನನ್ನ ಮೊದಲ ಸಹಿಯನ್ನು ತೋರಿಸಿ ತಿದ್ದಿಸಿದ ಮೇಲೆಯೇ ರುಜು ಹಾಕಿದೆ. ಬಾಕಿ 2,000 ರೂಪಾಯಿ ಮರುತಿಂಗಳ ಸಂಬಳದೊಂದಿಗೆ ಜಮೆಯಾಯಿತು.