ಮೂಲೆಯ ಬಿಳಿ ಚುಕ್ಕೆ

2001ರಲ್ಲಿ ನಾನು ಸೆಕೆಂಡ್ ಪಿಯುಸಿ. ಹನುಮಂತನಗರದ ನಮ್ಮ ಮನೆ ಹತ್ತಿರ ಒಂದು ಸೈಬರ್ ಇತ್ತು, ಗಂಟೆಗೆ 25 ರೂಪಾಯಿ. ಇಂಟರ್ನೆಟ್ ಕೈಕೊಟ್ಟಾಗಲೆಲ್ಲ ಎಲ್ಲರದ್ದೂ ಮೈನ್‌ಸ್ವೀಪರ್. ಅಡಗಿರೋ ಮೈನ್ (ಬಾಂಬ್) ಮುಟ್ಟದೆ ಉಳಿದ ಮನೆಗಳನ್ನೆಲ್ಲ ತೆರೆಯೋ ಆಟ ಅದು. ಮೂರನೇ ಕಂಪ್ಯೂಟರಿನಲ್ಲಿ ಎಲ್ಲಕ್ಕಿಂತ ಕಷ್ಟದ ಎಕ್ಸ್‌ಪರ್ಟ್ ಹಂತದ ರೆಕಾರ್ಡ್ 148 ಸೆಕೆಂಡ್, ಡಿಪ್ಲೊಮಾ ಓದುತ್ತಿದ್ದ ಹುಡುಗಿಯೊಬ್ಬಳದು. ನನಗೆ ಆಟ ಮುಗಿಸೋಕೇ ಆಗುತ್ತಿರಲಿಲ್ಲ. 480 ಮನೆ, 99 ಮೈನ್. ಎಲ್ಲೋ ಒಂದು ಕಡೆ ಢಮಾರ್.

ಗೆಳೆಯನೊಬ್ಬ ಗುಟ್ಟು ಹೇಳಿಕೊಟ್ಟ. ಆಟ ತೆರೆದು ಎಕ್ಸ್, ವೈ, ಝಡ್, ಝಡ್, ವೈ ಒತ್ತಬೇಕು. ಆಮೇಲೆ ಶಿಫ್ಟ್ ಹಿಡಿದು ಎಂಟರ್. ನೋಡಿದರೆ ಏನೂ ಆದಂತಿರಲ್ಲ. ಆದರೆ ಪರದೆಯ ಎಡಗಡೆ ಮೇಲಿನ ತುದಿಯಲ್ಲಿ ಒಂದೇ ಒಂದು ಚುಕ್ಕೆ ಇರುತ್ತೆ. ಮೌಸ್ ಕೆಳಗೆ ಮೈನ್ ಇಲ್ಲದಿದ್ದರೆ ಬಿಳಿ, ಇದ್ದರೆ ಕಪ್ಪು. ಸಾಸಿವೆ ಕಾಳು ಅದರ ಮುಂದೆ ಕುಂಬಳಕಾಯಿ! ಆ ಹಳೇ ಮಾನಿಟರಿನಲ್ಲಿ ಮೂಲೆಯೇ ಚೌಕಟ್ಟಿನ ಒಳಗೆ ಅಡಗಿತ್ತು. ಕೆಳಗಿನ ಗುಂಡಿ ಒತ್ತಿ ಒತ್ತಿ ಚಿತ್ರವನ್ನು ಕುಗ್ಗಿಸಿದೆ, ಧೂಳನ್ನು ಕರ್ಚೀಫಿನಲ್ಲಿ ಒರೆಸಿದೆ. "ಏನಪ್ಪಾ, ಇವತ್ತು ಭಾರಿ ಕ್ಲೀನಿಂಗು?" ಅಂದರು ಓನರ್.

ಆಟವೇನೋ ಮುಗಿಯಿತು. ಟೈಮ್ 412! ಪ್ರತಿ ಮನೆಗೂ ಒಮ್ಮೆ ಮೂಲೆ ನೋಡಿ ಬರಬೇಕಲ್ವಾ, ವೇಗ ಎಲ್ಲಿಂದ ಬರಬೇಕು? ಫ್ರೀಸೆಲ್ ಅನ್ನೋ ಇಸ್ಪೀಟ್ ಆಟದಲ್ಲಿ ಆಗ ಇಷ್ಟು ಕಷ್ಟವಿರಲಿಲ್ಲ. ಕಂಟ್ರೋಲ್, ಶಿಫ್ಟ್, ಎಫ್10 ಒಟ್ಟಿಗೆ ಒತ್ತಿ, ಅಬಾರ್ಟ್ ಅಂತ ಕೊಟ್ಟು, ಒಂದು ಎಲೆ ಸರಿಸಿದರೆ ಗೆದ್ದಂತೆ. ಆದರೆ ಅಲ್ಲಿ ಹೆಸರು ಬರಲ್ಲ. ಹೆಸರಿಲ್ಲದ ಗೆಲುವು ಯಾರಿಗೆ ಬೇಕು?

ಕೊನೆಗೆ ಸಿಕ್ಕಿದ್ದು ನೋಟ್‌ಪ್ಯಾಡ್. ವಿಂಡೋಸ್ 98ರಲ್ಲಿ ರೆಕಾರ್ಡುಗಳೆಲ್ಲ ವಿನ್‌ಮೈನ್ ಅನ್ನೋ ಐಎನ್ಐ ಫೈಲಿನಲ್ಲಿ (ಆಟದ ಸೆಟ್ಟಿಂಗ್ ಬರೆದಿಡೋ ಸಾದಾ ಫೈಲು) ಸುಮ್ನೆ ಬಿದ್ದಿರುತ್ತಿದ್ದವು. ಟೈಮ್3 ಅಂದರೆ ಎಕ್ಸ್‌ಪರ್ಟ್ ಸಮಯ, ನೇಮ್3 ಅಂದರೆ ಹೆಸರು. ಆಟ ಮುಚ್ಚಿ, ಫೈಲ್ ತಿದ್ದಿ, ಮತ್ತೆ ಆಟ ತೆರೆದರೆ ಆಯಿತು. ಮೊದಲ ದಿನ ಆಸೆಗೆ ಬಿದ್ದು 1 ಸೆಕೆಂಡ್ ಅಂತ ಬರೆದೆ. ಸೈಬರಿಗೆ ಸೈಬರೇ ನಕ್ಕಿತು. ಕಳ್ಳಲೆಕ್ಕಕ್ಕೂ ಒಂದು ಮರ್ಯಾದೆ ಬೇಕು. ಮಾರನೇ ದಿನ ಯೋಚಿಸಿ 131 ಹಾಕಿದೆ. 130 ಬೇಡ, ಸೊನ್ನೆ ಕಂಡರೆ ಅನುಮಾನ ಜಾಸ್ತಿ.

ಎರಡು ದಿನ ನಾನೇ ಹೀರೋ. ಮೂರನೇ ದಿನ ಆ ಹುಡುಗಿ ಬಂದು ನನ್ನ ಪಕ್ಕದಲ್ಲಿ ಕುರ್ಚಿ ಎಳೆದುಕೊಂಡಳು. "131 ನಿಮ್ಮದಾ? ಒಂದ್ಸಲ ಆಡಿ ತೋರಿಸಿ."

ಕೆಮ್ಮಿದಂತೆ ಮಾಡಿ ಐದು ಅಕ್ಷರ ಒತ್ತಿದೆ. ನಿಧಾನವಾದರೂ ಸರಿ, ಸಾಯಬಾರದು ಅಷ್ಟೇ. ಅರ್ಧ ಬೋರ್ಡ್ ತೆರೆದಿತ್ತು. ಅವಳು ಬೋರ್ಡ್ ನೋಡುತ್ತಿರಲಿಲ್ಲ, ನನ್ನ ಕಣ್ಣು ನೋಡುತ್ತಿದ್ದಳು.

"ಆ ಮೂಲೇಲಿ ಏನಿದೆ?"

ನಾನು ಬಾಯಿ ಬಿಡಲಿಲ್ಲ. ಅವಳು ಕೈ ಚಾಚಿ ಹೆಬ್ಬೆರಳನ್ನು ಪರದೆಯ ತುದಿಗೆ ಒತ್ತಿ ಹಿಡಿದಳು.

"ಹ್ಞೂಂ, ಈಗ ಆಡಿ."

ಮೂರನೇ ಕ್ಲಿಕ್ಕಿಗೆ ಢಮಾರ್.