ಪೈಪ್ ಗೋಡೆ ಎಷ್ಟು ದಪ್ಪ ಬೇಕು? ಬಿ31.3 ಪ್ರಕಾರ ಲೆಕ್ಕ ಹಾಕುವ ಬಗೆ

ಮೊದಲು ಯಾವ ಕೋಡ್ (ಪೈಪ್ ವಿನ್ಯಾಸದ ನಿಯಮಾವಳಿ) ಅನ್ನೋದನ್ನು ಖಚಿತ ಮಾಡಿಕೊಳ್ಳಿ. ರಿಫೈನರಿ, ಕೆಮಿಕಲ್ ಪ್ಲಾಂಟ್ ಪೈಪಿಗೆ ಎಎಸ್‌ಎಂಇ (ಅಮೆರಿಕದ ಮೆಕ್ಯಾನಿಕಲ್ ಎಂಜಿನಿಯರುಗಳ ಸಂಘ) ಬಿ31.3, ಪವರ್ ಪ್ಲಾಂಟಿಗೆ ಬಿ31.1, ದೂರ ಸಾಗುವ ಗ್ಯಾಸ್ ಲೈನಿಗೆ ಬಿ31.8. ಒಂದರ ಅಲೋವಬಲ್ ಸ್ಟ್ರೆಸ್ (ಪೈಪಿನ ಲೋಹ ಸುರಕ್ಷಿತವಾಗಿ ತಾಳಬಲ್ಲದು ಎಂದು ಕೋಡ್ ಕೊಡುವ ಮಿತಿ) ತಂದು ಇನ್ನೊಂದರ ಸೂತ್ರಕ್ಕೆ ಹಾಕಬೇಡಿ.

ಬಿ31.3 ಸೂತ್ರ ಸುಲಭ. ಮೇಲೆ ಡಿಸೈನ್ ಒತ್ತಡ ಗುಣಿಸು ಹೊರವ್ಯಾಸ (ಒಳವ್ಯಾಸ ಅಲ್ಲ). ಕೆಳಗೆ ಅಲೋವಬಲ್ ಸ್ಟ್ರೆಸ್ಸನ್ನು ಜಾಯಿಂಟ್ ಫ್ಯಾಕ್ಟರ್ (ಪೈಪಿನ ಉದ್ದ ಬೆಸುಗೆ ಎಷ್ಟು ನಂಬಬಹುದು ಅನ್ನೋ ಅಂಶ) ಮತ್ತು ವೆಲ್ಡ್ ಫ್ಯಾಕ್ಟರ್‌ಗಳಿಂದ (ಹೆಚ್ಚು ಬಿಸಿಯಲ್ಲಿ ಬೆಸುಗೆ ಬಲ ಕಳೆದುಕೊಳ್ಳುವುದರ ಅಂಶ) ಗುಣಿಸಿ, ಅದಕ್ಕೆ ಒತ್ತಡದ 0.4 ಪಟ್ಟು ಕೂಡಿಸಿ, ಬಂದದ್ದನ್ನು ದುಪ್ಪಟ್ಟು ಮಾಡಿ. ಮೇಲಿನದನ್ನು ಕೆಳಗಿನದರಿಂದ ಭಾಗಿಸಿದರೆ ಬೇಕಾದ ದಪ್ಪ. ಸ್ಟ್ರೆಸ್ ಅನ್ನು ಡಿಸೈನ್ ತಾಪಮಾನದಲ್ಲೇ ಓದಬೇಕು. ಜಾಯಿಂಟ್ ಫ್ಯಾಕ್ಟರ್ ಸೀಮ್‌ಲೆಸ್ (ಬೆಸುಗೆ ಇಲ್ಲದ) ಪೈಪಿಗೆ 1, ಇಆರ್‌ಡಬ್ಲ್ಯೂ (ವಿದ್ಯುತ್ತಿನಿಂದ ಉದ್ದಕ್ಕೂ ಬೆಸೆದ) ಪೈಪಿಗೆ 0.85. ಆ 0.4 ಸಾಮಾನ್ಯ ಕಾರ್ಬನ್ ಸ್ಟೀಲಿಗೆ 482 ಡಿಗ್ರಿ ಸೆಲ್ಸಿಯಸ್ ತನಕ ನಡೆಯುತ್ತದೆ, ಆದರೆ ದಪ್ಪ ಹೊರವ್ಯಾಸದ ಆರನೇ ಒಂದು ಭಾಗಕ್ಕಿಂತ ಕಡಿಮೆ ಇರಬೇಕು.

ಒಂದು ಲೆಕ್ಕ ಮಾಡಿ ನೋಡೋಣ. ಹೆಸರಿಗೆ 8 ಇಂಚಿನ ಸೀಮ್‌ಲೆಸ್ ಎ106 ಗ್ರೇಡ್ ಬಿ (ಒಂದು ಬಗೆಯ ಕಾರ್ಬನ್ ಸ್ಟೀಲ್) ಪೈಪ್, ಹೊರವ್ಯಾಸ 219.1 ಮಿಮೀ, ಒತ್ತಡ 50 ಬಾರ್ ಅಂದರೆ 5 ಎಂಪಿಎ, ತಾಪಮಾನ 200 ಡಿಗ್ರಿ, ಸ್ಟ್ರೆಸ್ 138 ಎಂಪಿಎ, ಎರಡೂ ಫ್ಯಾಕ್ಟರ್ 1. ಮೇಲೆ 1095.5, ಕೆಳಗೆ 280. ಉತ್ತರ 3.91 ಮಿಮೀ. ತುಕ್ಕಿಗೆ ಅಂತ 3 ಮಿಮೀ ಸೇರಿಸಿದರೆ 6.91.

ಶೆಡ್ಯೂಲ್ (ಪೈಪ್ ದಪ್ಪದ ಪ್ರಮಾಣಿತ ಅಳತೆ) ಟೇಬಲ್ ತೆಗೆದರೆ ಶೆಡ್ಯೂಲ್ 30 ಪೈಪು 7.04 ಮಿಮೀ. ಸಾಕಲ್ವಾ ಅನಿಸುತ್ತದೆ. ಸಾಲದು! ಮಿಲ್‌ನಿಂದ ಬರುವ ಸೀಮ್‌ಲೆಸ್ ಪೈಪ್ ಹೇಳಿದ ದಪ್ಪಕ್ಕಿಂತ 12.5% ತೆಳ್ಳಗಿದ್ದರೂ ಸ್ಪೆಸಿಫಿಕೇಷನ್ ಒಪ್ಪುತ್ತದೆ, ಹಾಗಾಗಿ ಆ 7.04 ಕೈಗೆ ಬರುವಾಗ 6.16 ಆಗಿರಬಹುದು, ತುಕ್ಕು 3 ಮಿಮೀ ತಿಂದ ಮೇಲೆ ಉಳಿಯೋದು ಬರೀ 3.16. ಅದಕ್ಕೇ 6.91 ಅನ್ನು 0.875 ರಿಂದ ಭಾಗಿಸಿ: 7.90. ಸುಮ್ನೆ 1.125 ರಿಂದ ಗುಣಿಸುವವರು ಇದ್ದಾರೆ, ಅದು 7.77 ಕೊಡುತ್ತದೆ, ತಪ್ಪು. ಮುಂದಿನದು ಶೆಡ್ಯೂಲ್ 40, 8.18 ಮಿಮೀ. ಅದನ್ನೇ ಹಾಕಿ.

ಥ್ರೆಡ್ ಇದ್ದರೆ ಅದರ ಆಳವನ್ನೂ ತುಕ್ಕಿನ ಜೊತೆ ಸೇರಿಸಿ. ಪೈಪ್ ಬಗ್ಗಿಸುವುದಾದರೆ ಬೆಂಡಿನ ಹೊರಬದಿ ತೆಳ್ಳಗಾಗುತ್ತದೆ, ಸ್ವಲ್ಪ ಜಾಸ್ತಿ ದಪ್ಪದ್ದೇ ತರಿಸಿ. ಲೈನಿನಲ್ಲಿ ವ್ಯಾಕ್ಯೂಮ್ ಆಗುವ ಸಾಧ್ಯತೆ ಇದ್ದರೆ ಮೇಲಿನ ಸೂತ್ರ ಕೆಲಸಕ್ಕೆ ಬರುವುದಿಲ್ಲ, ಯಾಕಂದರೆ ಆಗ ಪೈಪ್ ಸಿಡಿಯೋದಲ್ಲ, ಒಳಕ್ಕೆ ಕುಸಿಯುತ್ತದೆ. ಹೊರ ಒತ್ತಡದ ಲೆಕ್ಕ ಬೇರೆಯೇ ಮಾಡಬೇಕು.